ಕಿಟಕಿ ಮುಚ್ಚಿದರೆ ಕತ್ತಲೆ, ತೆರೆದರೆ ಎದುರು ಮನೆ: ಏನು ಮಾಡಲಿ?

ಪ್ರಶ್ನೆ: ಚಿಕ್ಕಮಗಳೂರಿನ ಕಡೂರು ರಸ್ತೆಯ ಕಡೆ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಯಲ್ಲಿ ಮನೆ ಕೊಂಡು ಒಂದು ವರ್ಷವಾಯಿತು. ಹಜಾರ ಮತ್ತು ನಮ್ಮ ಅತ್ತೆಯವರ ಕೋಣೆ ಪಶ್ಚಿಮಕ್ಕಿವೆ. ಸುಮಾರು 25 ಅಡಿ ದೂರದಲ್ಲಿ ಇನ್ನೊಂದು ಕಟ್ಟಡವಿದ್ದು, ಅದರ ಎರಡನೇ ಮತ್ತು ಮೂರನೇ ಮಹಡಿಯ ಬಾಲ್ಕನಿಗಳು ನೇರವಾಗಿ ನಮ್ಮ ಕಡೆಗೆ ನೋಡುತ್ತವೆ. ನಾವು ಮಲಗುವ ಕೋಣೆ ಉತ್ತರಕ್ಕಿದೆ. ಎದುರು ಕಟ್ಟಡವಿಲ್ಲ, ಕೆಳಗೆ ರಸ್ತೆ, ಆಚೆ ಬೆಟ್ಟಸಾಲು. ಪತಿ ಅಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಾರೆ. ಕಿಟಕಿಗಳು ನಾಲ್ಕಡಿಗೆ ನಾಲ್ಕಡಿ, ಜಾರುವ ಗಾಜು, ಒಳಗಡೆ ಕಬ್ಬಿಣದ ಗ್ರಿಲ್. ಅತ್ತೆಯವರಿಗೆ 74 ವರ್ಷ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ಮೂಡಿಗೆರೆ ಕಡೆಯ ಮನೆಯಲ್ಲಿ ಜಗುಲಿಯ ಮೇಲೆ ದಿನ ಕಳೆದವರು ಇಲ್ಲಿ ಹಗಲೆಲ್ಲ ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿಕೊಂಡು ಕೂರುತ್ತಾರೆ. ‘ಎದುರಿನವರು ನೋಡುತ್ತಾರೆ’ ಎನ್ನುತ್ತಾರೆ. ಒಂದು ಅಂಗಡಿಯವರು ಗಾಜಿಗೆ ಒನ್‌ವೇ ಫಿಲ್ಮ್ ಅಂಟಿಸಿ ಎಂದರು. ಇನ್ನೊಬ್ಬರು ಜೀಬ್ರಾ ಬ್ಲೈಂಡ್ ಹಾಕಿಸಿ ಎಂದರು. ನನ್ನ ತಾಯಿ ದಪ್ಪ ಬ್ಲ್ಯಾಕ್‌ಔಟ್ ಪರದೆಯೇ ಸರಿ ಎನ್ನುತ್ತಾರೆ. ಆದರೆ ಈಗಿರುವ ಪರದೆಗಳಿಗೇ ಕಳೆದ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನೀವು ಕೇಳಿರುವುದು ಪರದೆಯ ವಿಚಾರ. ಆದರೆ ಪತ್ರ ಓದಿ ಮುಗಿಸಿದ ಮೇಲೂ ನನ್ನ ಕಣ್ಣ ಮುಂದೆ ಉಳಿದದ್ದು ಹಗಲು ಹನ್ನೊಂದು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ಕುಳಿತಿರುವ ನಿಮ್ಮ ಅತ್ತೆಯವರು. ಹೊಲಿಗೆ ಯಂತ್ರದ ಮುಂದೆ ಕುಳಿತು ಪರದೆ ಹೊಲಿಯುವುದರಿಂದ ಈ ವೃತ್ತಿಗೆ ಬಂದವನು ನಾನು. ಇಪ್ಪತ್ತೆರಡು ವರ್ಷಗಳಿಂದ ಚಿಕ್ಕಮಗಳೂರು, ಹಾಸನದ ಮನೆಗಳ ಕಿಟಕಿ ಅಳೆಯುತ್ತಿದ್ದೇನೆ. ತೋಟದ ಮನೆಯಿಂದ, ತೊಟ್ಟಿ ಮನೆಯಿಂದ ಮಕ್ಕಳ ಜೊತೆ ಅಪಾರ್ಟ್‌ಮೆಂಟಿಗೆ ಬಂದ ಹಿರಿಯರು ಹೀಗೆ ಪರದೆಯ ಹಿಂದೆ ಸೇರಿಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವರಿಗೆ ಬೆಳಕು ಬೇಡವೆಂದಲ್ಲ. ಬೆಳಕು ಬೇಕೆಂದರೆ ಎದುರು ಮನೆಯವರ ಕಣ್ಣಿಗೂ ಬೀಳಬೇಕು ಎಂದು ಅವರು ನಂಬಿಬಿಟ್ಟಿರುತ್ತಾರೆ. ಅದು ನಿಜವಲ್ಲ. ನಿಮ್ಮ ಮನೆಯ ಮಟ್ಟಿಗಂತೂ ಖಂಡಿತ ನಿಜವಲ್ಲ.

ನಿಮಗೆ ಸಲಹೆ ಕೊಟ್ಟ ಮೂವರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರೂ ದಿನದ ಒಂದೊಂದು ಹೊತ್ತನ್ನು ನೆನೆದು ಹೇಳಿದ್ದಾರೆ. ಫಿಲ್ಮ್ ಹೇಳಿದವರು ನಡುಹಗಲನ್ನು ನೆನೆದಿದ್ದಾರೆ, ನಿಮ್ಮ ತಾಯಿ ರಾತ್ರಿಯನ್ನು ನೆನೆದಿದ್ದಾರೆ. ಜೀಬ್ರಾ ಬ್ಲೈಂಡ್ ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಅವರ ಅಂಗಡಿಯ ಗೋಡೆಗೆ ತೂಗುಹಾಕಿದ ಮಾದರಿ. ಅದರ ಹಿಂದೆ ಕಿಟಕಿಯೂ ಇರುವುದಿಲ್ಲ, ಎದುರು ಮನೆಯೂ ಇರುವುದಿಲ್ಲ. ಒಂದೇ ವಸ್ತು ಇಪ್ಪತ್ತನಾಲ್ಕು ಗಂಟೆಯೂ, ಮನೆಯ ಎಲ್ಲ ದಿಕ್ಕಿನ ಕಿಟಕಿಗೂ ಹೊಂದಬೇಕು ಎಂದು ಹೊರಟಾಗಲೇ ತೊಡಕು ಶುರುವಾಗುವುದು.

ಮೊದಲು ಒನ್‌ವೇ ಎಂಬ ಮಾತನ್ನು ನೋಡೋಣ. ಒಂದು ಕಡೆಯಿಂದ ಮಾತ್ರ ಕಾಣುವ ಗಾಜೂ ಇಲ್ಲ, ಬಟ್ಟೆಯೂ ಇಲ್ಲ. ಕನ್ನಡಿಯಂತೆ ಹೊಳೆಯುವ ಫಿಲ್ಮ್ ಇರಲಿ, ತೆಳ್ಳನೆಯ ಶೀರ್ ಪರದೆ ಇರಲಿ, ಸೊಳ್ಳೆ ಜಾಲರಿಯೇ ಇರಲಿ, ಎಲ್ಲವೂ ನಡೆಯುವುದು ಒಂದೇ ನಿಯಮದ ಮೇಲೆ: ಹೆಚ್ಚು ಬೆಳಕಿರುವ ಕಡೆ ಇರುವವರು ಕಡಿಮೆ ಬೆಳಕಿರುವ ಕಡೆಯವರಿಗೆ ಕಾಣುತ್ತಾರೆ. ಹಗಲು ಹೊರಗಿನ ಬೆಳಕು ಮನೆಯೊಳಗಿಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಬೆಳಕು ಫಿಲ್ಮಿಗೆ ಬಡಿದು ಹೊರಗಿನವರ ಕಣ್ಣಿಗೇ ಮರಳುತ್ತದೆ, ಅದರ ಹಿಂದಿನ ಮಂಕಾದ ಕೋಣೆ ಅವರಿಗೆ ಕಾಣಿಸುವುದಿಲ್ಲ. ಸಂಜೆ ಆರೂವರೆಗೆ ನೀವು ದೇವರ ದೀಪ ಹಚ್ಚಿ, ಹಜಾರದ ಲೈಟ್ ಹಾಕಿದಿರೆಂದರೆ ಲೆಕ್ಕ ತಲೆಕೆಳಗಾಯಿತು. ಈಗ ಬೆಳಕು ಒಳಗೆ, ಕತ್ತಲೆ ಹೊರಗೆ. ನಿಮಗೆ ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಕಾಣುತ್ತದೆ. ಎದುರಿನವರಿಗೆ ನಿಮ್ಮ ಊಟದ ಮೇಜು ಕಾಣುತ್ತದೆ. ಗಾಜಿನಲ್ಲಿ ನಿಮ್ಮ ಮುಖವೇ ಕಾಣುವುದರಿಂದ ‘ಹೊರಗೆ ಏನೂ ಕಾಣುತ್ತಿಲ್ಲ, ಹಾಗಾಗಿ ಒಳಗೂ ಕಾಣುವುದಿಲ್ಲ’ ಎಂಬ ಧೈರ್ಯ ಬೇರೆ ಬರುತ್ತದೆ. ಅಪಾಯವಿರುವುದು ಆ ಧೈರ್ಯದಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ಎಲ್ಲ ಕಿಟಕಿಗೂ ಫಿಲ್ಮ್ ಹಾಕಿಸಿದ್ದರು, ಪರದೆ ಇಟ್ಟಿರಲೇ ಇಲ್ಲ. ಬೇರೆ ಕೆಲಸಕ್ಕೆ ಹೋದ ನಾನು ಆ ಮನೆಯಾಕೆಯನ್ನು ರಾತ್ರಿ ಎಂಟಕ್ಕೆ ಎದುರು ಕಟ್ಟಡದ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಅವರ ಮನೆಯ ಲೈಟ್‌ಗಳು ಹಾಗೇ ಉರಿಯುತ್ತಿದ್ದವು. ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಗಳು, ಸೋಫಾದ ಮೇಲೆ ಮಡಚದೆ ಬಿಟ್ಟ ಟವೆಲ್, ಅವರ ಮಗಳು ತಲೆ ಬಾಚಿಕೊಳ್ಳುತ್ತಿದ್ದದ್ದು, ಎಲ್ಲವೂ ಕಾಣುತ್ತಿತ್ತು. ಆಕೆ ಒಂದು ಮಾತೂ ಆಡದೆ ಕೆಳಗಿಳಿದರು. ಮರುದಿನ ಬೆಳಿಗ್ಗೆಯೇ ಫೋನ್ ಬಂತು.

ಹಾಗೆಂದು ಫಿಲ್ಮ್ ಕೆಟ್ಟ ವಸ್ತು ಎನ್ನಲಾರೆ. ಹಗಲು ಮಾತ್ರ ತೆರೆದಿರುವ ಕಚೇರಿಗೆ ಅದು ಒಳ್ಳೆಯದೇ. ನಮ್ಮ ಊರಿನ ಮನೆಗಳಿಗೆ ನಾನು ಅದನ್ನು ಹೇಳದಿರುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಪರದೆಯನ್ನು ಬೇಡವಾದಾಗ ಸರಿಸಬಹುದು, ಫಿಲ್ಮನ್ನು ಸರಿಸಲಾಗದು. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಸೂರ್ಯನ ಮುಖವೇ ಅಪರೂಪವಾದ ಊರು ನಮ್ಮದು. ಬರುವ ಚೂರು ಬೆಳಕಿನಲ್ಲೂ ಪಾಲು ಕೇಳುವ ಫಿಲ್ಮನ್ನು ಗಾಜಿಗೆ ಅಂಟಿಸಿಕೊಂಡರೆ ಆ ಎರಡು ತಿಂಗಳು ಹಗಲೂ ಲೈಟ್ ಉರಿಸಬೇಕಾಗುತ್ತದೆ. ಲೈಟ್ ಉರಿಸಿದಷ್ಟೂ ಫಿಲ್ಮಿನ ಮರೆ ಕಡಿಮೆಯಾಗುತ್ತದೆ. ಎರಡನೆಯದು ಗಾಜಿನ ಬಾಳಿಕೆ. ಕಪ್ಪು ಫಿಲ್ಮ್ ಬಿಸಿಲಿನ ಕಾವನ್ನು ಹೀರಿ ಗಾಜಿಗೆ ಕೊಡುತ್ತದೆ. ಕಿಟಕಿಯ ಮೇಲೆ ಹೊರಚಾಚಿದ ಸಜ್ಜೆಯ ನೆರಳು ಬಿದ್ದ ಭಾಗ ತಣ್ಣಗೆ, ಬಿಸಿಲು ಬಿದ್ದ ಭಾಗ ಬಿಸಿ ಎಂದಾದಾಗ, ಹದಮಾಡಿ ಗಟ್ಟಿಗೊಳಿಸದ ಸಾಮಾನ್ಯ ಗಾಜು ಅಂಚಿನಿಂದ ಬಿರುಕು ಬಿಡುವುದುಂಟು. ಪಶ್ಚಿಮದ ಗಾಜಿಗೆ ಈ ಭಯ ಹೆಚ್ಚು. ಮಂಜು ಕವಿದಂತೆ ಕಾಣುವ ಫ್ರಾಸ್ಟೆಡ್ ಫಿಲ್ಮಿನ ವಿಷಯ ಬೇರೆ. ಅದು ಬೆಳಕನ್ನು ಚೆದುರಿಸುವುದರಿಂದ ಹಗಲು ರಾತ್ರಿ ಎರಡರಲ್ಲೂ ಮರೆ ಕೊಡುತ್ತದೆ, ಬಚ್ಚಲುಮನೆಗೆ ಹೇಳಿ ಮಾಡಿಸಿದ್ದು. ಒಂದು ಎಚ್ಚರ ಮಾತ್ರ ಬೇಕು: ಗಾಜಿಗೆ ತಾಗಿ ನಿಂತವರ ಆಕಾರ ಹೊರಗೆ ಸಾಕಷ್ಟು ಗೊತ್ತಾಗುತ್ತದೆ, ಎರಡು ಮೂರು ಅಡಿ ಒಳಗೆ ಬಂದರೆ ಕರಗಿಹೋಗುತ್ತದೆ.

ಜೀಬ್ರಾ ಬ್ಲೈಂಡಿನಲ್ಲಿ ದಪ್ಪ ಪಟ್ಟಿ, ತೆಳು ಪಟ್ಟಿ ಒಂದಾದ ಮೇಲೊಂದು ಬರುವ ಬಟ್ಟೆ ಎರಡು ಪದರಗಳಾಗಿ ಇಳಿಬಿದ್ದಿರುತ್ತದೆ. ದಪ್ಪದ ಹಿಂದೆ ತೆಳು ಬಂದರೆ ಮರೆ, ತೆಳುವಿನ ಹಿಂದೆ ತೆಳು ಬಂದರೆ ಬೆಳಕು. ನೋಡಲು ಚೆಂದ, ಜಾಗವೂ ಕಡಿಮೆ ಸಾಕು. ಆದರೆ ಬೆಳಕಿಗೆಂದು ತೆಳು ಪಟ್ಟಿಗಳನ್ನು ಸಾಲಾಗಿಸಿದ ಕ್ಷಣದಲ್ಲಿ ಅದು ಬರೀ ಶೀರ್ ಪರದೆ, ಅಂದರೆ ಹಗಲಿಗಷ್ಟೇ ಮರೆ. ಮುಚ್ಚಿದಾಗಲೂ ಎರಡು ಬದಿಗಳಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಜೊತೆಗೆ ಕಿಟಕಿ ತೆರೆದು ಗಾಳಿ ಬಿಟ್ಟುಕೊಂಡರೆ ಕೆಳಗಿನ ಪಟ್ಟಿ ಗ್ರಿಲ್ಲಿಗೆ ಟಪಟಪ ಬಡಿಯುತ್ತದೆ. ಗಾಳಿಗೆ ಕಿಟಕಿ ತೆರೆದೇ ಇರಬೇಕಾದ ಮನೆಗಳಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ನಿಮ್ಮ ತಾಯಿ ಹೇಳಿದ ಬ್ಲ್ಯಾಕ್‌ಔಟ್. ರಾತ್ರಿಯ ಮರೆಗೆ ಅದನ್ನು ಮೀರಿದ್ದಿಲ್ಲ, ಆ ಮಾತನ್ನು ಒಪ್ಪಲೇಬೇಕು. ತೊಂದರೆ ಬರುವುದು ನಮ್ಮ ಮಳೆಗಾಲದಲ್ಲಿ. ಒಂದು ಆಗಸ್ಟ್‌ನಲ್ಲಿ ಬಸವನಹಳ್ಳಿ ಕಡೆಯ ಮನೆಯೊಂದರಲ್ಲಿ ಮೂರು ವಾರ ಸರಿಸದೆ ಬಿಟ್ಟಿದ್ದ ದಪ್ಪ ಪರದೆಯನ್ನು ಬಿಚ್ಚಲು ಹೋಗಿದ್ದೆ. ಮುಂದಿನಿಂದ ನೋಡಿದರೆ ಹೊಸದರಂತಿತ್ತು. ಅಂಚು ಹಿಡಿದು ತಿರುಗಿಸಿದೆ: ಒಳಮೈಯ ರಬ್ಬರಿನಂಥ ಲೇಪದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ, ಮಡಿಕೆಗಳ ಒಳಗೆ ನೆನೆದ ಗೋಣಿಚೀಲದ ಮುಗ್ಗಲು ವಾಸನೆ, ಹಿಂದಿನ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಸಾಲಾಗಿ ನೀರಿನ ಹನಿ. ಆ ಹನಿ ಮಳೆಯದಲ್ಲ. ಕೋಣೆಯ ಬೆಚ್ಚಗಿನ ಗಾಳಿಯಲ್ಲಿ ನಮ್ಮ ಉಸಿರಿನ ತೇವವಿರುತ್ತದೆ, ಅನ್ನ ಸಾರು ಕುದ್ದ ಹಬೆಯಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಮಳೆಗಾಲದಲ್ಲಿ ಕೋಣೆಯೊಳಗೇ ಒಣಹಾಕಿದ ಬಟ್ಟೆಗಳ ನೀರಿರುತ್ತದೆ. ಆ ಗಾಳಿ ಪರದೆಯ ಹಿಂದಿನ ತಣ್ಣನೆಯ ಗಾಜಿಗೆ ಮುಟ್ಟಿ ಹನಿಗಟ್ಟುತ್ತದೆ. ದಪ್ಪ ಪರದೆ ಆ ಜಾಗಕ್ಕೆ ಗಾಳಿಯಾಡದಂತೆ ತಡೆಯುತ್ತದೆ, ಬೂಷ್ಟಿಗೆ ಮನೆ ಸಿಕ್ಕಂತಾಗುತ್ತದೆ. ನಿಮ್ಮ ಪರದೆಗಳಿಗೂ ಹೀಗೇ ಆಗಿರಬೇಕು. ಹೊಸ ಪರದೆ ತಂದರೂ ಈ ಕಾರಣಗಳು ಹಾಗೇ ಉಳಿದರೆ ಮುಂದಿನ ಪುನರ್ವಸು ಮಳೆಗೆ ಮತ್ತೆ ಅದೇ ಚುಕ್ಕಿ.

ಹಾಗಾಗಿ ಯಾವ ಬಟ್ಟೆ ತಂದರೂ ಕೆಲವು ಅಭ್ಯಾಸ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಪರದೆಯನ್ನು ಪೂರ್ತಿ ಬದಿಗೆ ಸರಿಸಿ, ಮಳೆ ಬಿಟ್ಟ ಹೊತ್ತಿನಲ್ಲಿ ಅರ್ಧ ಗಂಟೆ ಗಾಜು ತೆರೆದಿಡಿ. ಒದ್ದೆ ಬಟ್ಟೆಯನ್ನು ಕಿಟಕಿ ಪರದೆ ಇರುವ ಕೋಣೆಯಲ್ಲಿ ಒಣಹಾಕಬೇಡಿ; ಬೇರೆ ಜಾಗವಿಲ್ಲದಿದ್ದರೆ ಫ್ಯಾನ್ ಹಾಕಿ, ಕಿಟಕಿ ಸ್ವಲ್ಪ ತೆರೆದಿಡಿ. ಪರದೆಯ ಕೆಳ ಅಂಚು ನೆಲದಿಂದ ಒಂದಂಗುಲ ಮೇಲಿರಲಿ. ಬಟ್ಟೆಯಲ್ಲಿ ಪೂರ್ತಿ ಹತ್ತಿ, ಸೆಣಬು, ಬಿದಿರು ಇವು ತೇವವನ್ನು ಕುಡಿದು ಇಟ್ಟುಕೊಳ್ಳುತ್ತವೆ. ಪಾಲಿಯೆಸ್ಟರ್ ಅಥವಾ ಪಾಲಿಯೆಸ್ಟರ್ ಬೆರೆತ ಹತ್ತಿ ಬೇಗ ಒಣಗುತ್ತದೆ. ಕೈಮಗ್ಗದ ಹತ್ತಿಯ ಮೇಲೆ ನನಗೆ ಬಹಳ ಪ್ರೀತಿ. ಆದರೂ ಪಶ್ಚಿಮದ ಕಿಟಕಿಗೆ, ಅದೂ ಚಿಕ್ಕಮಗಳೂರಿನಲ್ಲಿ, ಅದನ್ನು ಹಾಕಿಸಿಕೊಳ್ಳಿ ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ.

‘ಗಾಢ ಬಣ್ಣದ ಪರದೆ ಹಾಕಿದರೆ ಮನೆ ತಂಪು’ ಎಂಬ ಮಾತನ್ನೂ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕತ್ತಲೆಯನ್ನೇ ತಂಪು ಎಂದುಕೊಂಡದ್ದು. ಬಿಸಿಲು ಗಾಜನ್ನು ದಾಟಿ ಒಳಗೆ ಬಂದು ಪರದೆಗೆ ತಾಗಿ ಕಾವಾದ ಮೇಲೆ, ಆ ಕಾವು ಗಾಜಿನ ಮೂಲಕ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಕಡುನೀಲಿ ಪರದೆ ಅದನ್ನು ಹೀರಿ ಕೋಣೆಗೇ ಬಿಡುತ್ತದೆ. ಗಾಜಿನ ಕಡೆಗೆ ಬಿಳಿ ಅಸ್ತರು ಇದ್ದರೆ ಬಿಸಿಲಿನ ಒಂದಷ್ಟು ಪಾಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮುಂದಿನ ಬಣ್ಣ ನಿಮ್ಮ ಇಷ್ಟ, ಹಿಂದಿನದು ಬಿಳಿಯಿರಲಿ. ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಮೇಲು. ಸಜ್ಜೆ ಇದೆಯಲ್ಲ ಎನ್ನಬೇಡಿ. ಮಾರ್ಚ್ ತಿಂಗಳಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಇರುವುದು ಸುಮಾರು 30 ಡಿಗ್ರಿ ಎತ್ತರದಲ್ಲಿ. ಎರಡಡಿ ಸಜ್ಜೆಯ ನೆರಳು ಆಗ ಒಂದಡಿಗಿಂತ ಸ್ವಲ್ಪವಷ್ಟೇ ಕೆಳಗಿಳಿಯುತ್ತದೆ, ಉಳಿದ ಕಿಟಕಿಯೆಲ್ಲ ಬಿಸಿಲಿಗೆ. ಹಜಾರಕ್ಕೆ ಬಾಲ್ಕನಿಯಿದ್ದರೆ ಅದಕ್ಕೆ ಹೊರಗಿನಿಂದ ಸುತ್ತಿಡಬಹುದಾದ ಬಿದಿರಿನ ಪರದೆ ಹಾಕಿದರೆ ಫೆಬ್ರವರಿಯಿಂದ ಮೇವರೆಗಿನ ಸಂಜೆಗಳು ಬದಲಾಗುತ್ತವೆ. ಕಟ್ಟಡದ ಹೊರನೋಟ ಒಂದೇ ತೆರನಾಗಿರಬೇಕೆಂಬ ನಿಯಮ ಹಲವು ಅಪಾರ್ಟ್‌ಮೆಂಟ್ ಸಂಘಗಳಲ್ಲಿರುತ್ತದೆ, ಮೊದಲು ಕೇಳಿ. ಮೇ ಕೊನೆಯಲ್ಲಿ ಮರೆಯದೆ ಬಿಚ್ಚಿ ಒಳಗಿಡಿ.

ಈಗ ನಿಮ್ಮ ಮನೆಯಲ್ಲಿ ನಿಜಕ್ಕೂ ಕೆಲಸ ಮಾಡುವ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಹಲವು ಹಳೆಯ ಮನೆಗಳ ಕಿಟಕಿಗೆ ನಾಲ್ಕು ಬಾಗಿಲುಗಳು, ಕೆಳಗೆ ಎರಡು, ಮೇಲೆ ಎರಡು. ಹಗಲು ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆರೆದಿಡುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆ ಒಳಗಿದ್ದವರು ಕಾಣುತ್ತಿರಲಿಲ್ಲ, ಒಳಗಿದ್ದವರಿಗೆ ಬೆಳಕಿಗೆ ಕೊರತೆಯಿರಲಿಲ್ಲ. ನಿಮ್ಮ ಅತ್ತೆಯವರನ್ನು ಕೇಳಿ, ಅವರಿಗೆ ಈ ಕಿಟಕಿ ಗೊತ್ತಿರಬಹುದು. ಹಳೆಯ ದವಾಖಾನೆಗಳಲ್ಲಿ, ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಸ್ಪ್ರಿಂಗ್ ತಂತಿಗೆ ಪೋಣಿಸಿದ ಅರ್ಧ ಪರದೆ ಇರುತ್ತಿತ್ತಲ್ಲ, ಅದೂ ಇದೇ ಉಪಾಯ. ಕಿಟಕಿಯ ಕೆಳಭಾಗ ಜನರಿಗೆ ಸಂಬಂಧಿಸಿದ್ದು, ಮೇಲ್ಭಾಗ ಆಕಾಶಕ್ಕೆ. ಕೋಣೆಯ ಒಳಕ್ಕೆ ದೂರ ಹೋಗುವ ಬೆಳಕು ಬರುವುದು ಮೇಲ್ಭಾಗದಿಂದಲೇ. ಕಿಟಕಿಯ ತಲೆ ನೆಲದಿಂದ ಎಷ್ಟು ಎತ್ತರವಿದೆಯೋ ಅದರ ಒಂದೂವರೆಯಿಂದ ಎರಡೂವರೆ ಪಟ್ಟು ದೂರದವರೆಗೆ ಹಗಲಿನ ಬೆಳಕು ಉಪಯೋಗಕ್ಕೆ ಬರುತ್ತದೆ ಎನ್ನುವುದು ಕಟ್ಟಡ ಕಟ್ಟುವವರ ರೂಢಿಯ ಲೆಕ್ಕ. ಏಳಡಿಗೆ ಅದು ಹತ್ತರಿಂದ ಹದಿನೇಳು ಅಡಿ. ರಾಡನ್ನು ಕಿಟಕಿಯ ತಲೆಗೆ ಸರಿಯಾಗಿ ಹೊಡೆದು, ಮೇಲಿನ ಒಂದಡಿಯನ್ನು ಸದಾ ಪರದೆಯ ಝಾಲರಿನಿಂದ ಮುಚ್ಚಿದ ಮನೆಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಳ್ಳೆಯ ಬೆಳಕನ್ನೇ ತಡೆದು, ಕಡಿಮೆ ಬೆಳಕನ್ನು ಒಳಗೆ ಬಿಟ್ಟುಕೊಂಡ ಹಾಗೆ.

ನಿಮ್ಮ ಅತ್ತೆಯವರ ಕೋಣೆಗೆ ಲೆಕ್ಕ ಹಾಕಿ ನೋಡಿದೆ. ಕಿಟಕಿಯ ಕಟ್ಟೆ ಮೂರಡಿ ಎತ್ತರದಲ್ಲಿ, ತಲೆ ಏಳಡಿಯಲ್ಲಿ ಎಂದು ಇಟ್ಟುಕೊಳ್ಳೋಣ. ನಡುವೆ, ಅಂದರೆ ಐದಡಿ ಎತ್ತರದಲ್ಲಿ ತಂತಿ ಕಟ್ಟಿ, ಅಲ್ಲಿಂದ ಕೆಳಗೆ ಅರ್ಧ ಪರದೆ ಬಿಡುತ್ತೇವೆ. ಎದುರಿನ ಎರಡನೇ ಮಹಡಿಯಲ್ಲಿ ನಿಂತವರ ಕಣ್ಣೂ ಹೆಚ್ಚುಕಡಿಮೆ ಐದಡಿ ಎತ್ತರದಲ್ಲಿ. ಅವರ ನೋಟ ಪರದೆಯ ಮೇಲಂಚನ್ನು ಸವರಿಕೊಂಡು ಮಟ್ಟವಾಗಿ ಒಳಗೆ ಬರುತ್ತದೆ. ಕುರ್ಚಿಯಲ್ಲಿ ಕುಳಿತವರ ತಲೆ ನಾಲ್ಕಡಿಯ ಆಸುಪಾಸಿನಲ್ಲಿರುತ್ತದೆ. ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ ಅವರಿಗೆ ಕಾಣುವುದಿಲ್ಲ. ಮೂರನೇ ಮಹಡಿಯವರು ಹತ್ತಡಿ ಮೇಲಿರುವುದರಿಂದ ಅವರ ನೋಟ ಇಳಿಜಾರಾಗಿ ಬರುತ್ತದೆ, ಕಿಟಕಿಯಿಂದ ಒಳಕ್ಕೆ ಪ್ರತಿ ಅಡಿಗೆ ಸುಮಾರು ಐದಂಗುಲ ಕೆಳಗಿಳಿಯುತ್ತದೆ. ಕಿಟಕಿಯಿಂದ ಎರಡಡಿ ಒಳಗೆ ಅವರ ನೋಟ ತಲುಪುವ ಅತ್ಯಂತ ಕೆಳಗಿನ ಮಟ್ಟ 4.2 ಅಡಿ, ಅತ್ತೆಯವರ ತಲೆಗಿಂತ ಮೇಲೆ. ಆರಡಿ ಒಳಗಾದರೆ 2.6 ಅಡಿ, ಅಂದರೆ ಮುಖ, ಹೆಗಲು, ಕೈಯಲ್ಲಿನ ಪತ್ರಿಕೆ ಎಲ್ಲ ಕಾಣುತ್ತದೆ.

ಇದರ ಅರ್ಥ ಏನು ಗೊತ್ತೇ? ಅರ್ಧ ಪರದೆ ಹಾಕಿದ ಮೇಲೆ ನಿಮ್ಮ ಅತ್ತೆಯವರು ಕಿಟಕಿಯಿಂದ ದೂರ ಸರಿದು ಕೂರುವುದಕ್ಕಿಂತ ಕಿಟಕಿಗೆ ಅಂಟಿಕೊಂಡು ಕೂರುವುದೇ ಹೆಚ್ಚು ಮರೆ. ಬೆಳಕು ಅತಿ ಹೆಚ್ಚು ಇರುವ ಜಾಗವೇ ಅವರಿಗೆ ಅತಿ ಹೆಚ್ಚು ಮರೆಯಿರುವ ಜಾಗ. ಅವರ ಕುರ್ಚಿಯನ್ನು ಕಿಟಕಿಯ ಕಟ್ಟೆಯ ಪಕ್ಕಕ್ಕೆ ಎಳೆದು ಹಾಕಿ. ಬೇಸರವಾದಾಗ ಪರದೆಯ ತುದಿಯನ್ನು ಎರಡು ಬೆರಳಿನಲ್ಲಿ ಸರಿಸಿ ಕೆಳಗೆ ಯಾರು ಬಂದರು ಎಂದು ನೋಡಬಹುದು. ಜಗುಲಿಯಲ್ಲಿ ಕೂತವರಿಗೆ ಅದೂ ಬೇಕಾಗುತ್ತದೆ. ಫ್ರಾಸ್ಟೆಡ್ ಫಿಲ್ಮ್ ಹಾಕಿದರೆ ಈ ಅನುಕೂಲ ಇರುವುದಿಲ್ಲ, ಹಾಗಾಗಿ ಆ ಕೋಣೆಗೆ ನನ್ನ ಮತ ಬಟ್ಟೆಗೇ.

ಪೊರೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರಿಗೆ ನೇರ ಬಿಸಿಲು ಚುಚ್ಚಿದಂತಾಗುತ್ತದೆ. ಬೇಸಿಗೆಯ ಸಂಜೆ ಮೂರೂವರೆಯ ಮೇಲೆ ತೆರೆದ ಮೇಲ್ಭಾಗದಿಂದ ಬಿಸಿಲು ಸೀದಾ ಒಳಗೆ ಬರುತ್ತದೆ. ಅದಕ್ಕೆ ಮೇಲಿನ ರಾಡಿಗೆ ಪೂರ್ತಿ ಉದ್ದದ ಎರಡನೆಯ ಪರದೆ ಇರಲಿ, ತಿಳಿ ಬಣ್ಣದ್ದು, ಬಿಳಿ ಅಸ್ತರಿನದು. ಬಿಸಿಲು ಬಿದ್ದಾಗ ಅದನ್ನು ಎಳೆಯಿರಿ, ಸಂಜೆ ಲೈಟ್ ಹಾಕುವ ಮುಂಚೆಯೂ ಎಳೆಯಿರಿ. ‘ಮೊದಲು ಪರದೆ, ಆಮೇಲೆ ಲೈಟ್’ ಎಂದು ಮನೆಯವರಿಗೆಲ್ಲ ರೂಢಿಮಾಡಿಸಿ. ರಾತ್ರಿ ನೆರಳು ಬೀಳುವುದರ ಬಗ್ಗೆಯೂ ಒಂದು ಮಾತು: ಅಸ್ತರಿಲ್ಲದ ಪರದೆಯ ಮೇಲೆ ಮೈಯ ನೆರಳು ಮೂಡುವುದು ದೀಪ ನಮ್ಮ ಹಿಂದೆ, ಪರದೆ ನಮ್ಮ ಮುಂದೆ ಇದ್ದಾಗ. ಬಟ್ಟೆ ಬದಲಿಸುವ ಕೋಣೆಯಲ್ಲಿ ಲೈಟ್ ಕಿಟಕಿ ಇರುವ ಗೋಡೆಯ ಮೇಲೇ ಇದ್ದರೆ ನೆರಳು ಎದುರು ಗೋಡೆಗೆ ಬೀಳುತ್ತದೆ, ಪರದೆಗಲ್ಲ.

ಹಜಾರಕ್ಕೆ ಎರಡು ಸಾಲಿನ ರಾಡ್ ಹಾಕಿಸಿ, ಗಾಜಿನ ಕಡೆಗೆ ಬಿಳಿ ಶೀರ್, ಕೋಣೆಯ ಕಡೆಗೆ ಅಸ್ತರಿರುವ ಪರದೆ. ಹಗಲು ಶೀರ್ ಸಾಕು, ಕತ್ತಲಾದ ಮೇಲೆ ದಪ್ಪದ್ದು. ಶೀರ್ ಬಿಳಿಯೇ ಇರಲಿ. ಬಿಸಿಲು ಬಿದ್ದಾಗ ಬಿಳಿ ಬಟ್ಟೆ ತಾನೇ ಹೊಳೆದು ಹೊರಗಿನವರ ಕಣ್ಣಿಗೆ ತೆರೆಯಾಗುತ್ತದೆ. ಇಡೀ ಹಜಾರಕ್ಕೆ ನಾನು ಹೇಳುವುದು ಇಷ್ಟೇ. ಅಡ್ಡ ಪಟ್ಟಿಗಳ ವೆನೀಷಿಯನ್ ಬ್ಲೈಂಡ್ ಮೇಲೆ ನಿಮಗೆ ಮನಸ್ಸಿದ್ದರೆ ಅದೂ ಆಗಬಹುದು, ಪಟ್ಟಿ ತಿರುಗಿಸುವ ಬಗೆ ತಿಳಿದಿರಬೇಕು. ಮೇಲಿನ ಮಹಡಿಯವರ ಕಣ್ಣು ತಪ್ಪಿಸಬೇಕಾದರೆ ಪಟ್ಟಿಯ ಹೊರ ಅಂಚು ಕೆಳಗೆ, ಒಳ ಅಂಚು ಮೇಲೆ ಇರಬೇಕು. ಕೆಳಗಿನ ರಸ್ತೆಯವರಿಗಾದರೆ ಇದಕ್ಕೆ ತಿರುಗುಮುರುಗು. ಧೂಳು ಒರೆಸುವ ತಾಳ್ಮೆಯೂ ಬೇಕು, ಪಟ್ಟಿ ಪಟ್ಟಿಯಾಗಿ.

ಉತ್ತರದ ಕೋಣೆಯ ಕಿಟಕಿಗೆ ಹಗಲು ಏನೂ ಬೇಡ. ನಿಜವಾಗಿ ಹೇಳುತ್ತಿದ್ದೇನೆ. ಎದುರು ಮನೆಯಿಲ್ಲ, ರಸ್ತೆಯಲ್ಲಿ ನಿಂತು ಎರಡನೇ ಮಹಡಿಯತ್ತ ತಲೆಯೆತ್ತಿದವರಿಗೆ ಕಾಣುವುದು ನಿಮ್ಮ ಮೇಲ್ಛಾವಣಿ ಮತ್ತು ಫ್ಯಾನ್. ಊರು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಜೂನ್‌ನಿಂದ ಮೋಡ ಕವಿಯುವುದರಿಂದ ಬಿಸಿಲಿನ ಕಾಟವೆಂದರೆ ಮೇ ತಿಂಗಳೊಂದೇ. ಉಳಿದಂತೆ ವರ್ಷವೆಲ್ಲ ಮೆತ್ತನೆಯ, ಸಮವಾದ ಬೆಳಕು. ನಿಮ್ಮ ಪತಿ ಕಿಟಕಿಗೆ ಬೆನ್ನನ್ನಾಗಲಿ ಮುಖವನ್ನಾಗಲಿ ಮಾಡದೆ ಪಕ್ಕವಾಗಿ ಕುಳಿತರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಹೊಳಪು ಬೀಳುವುದಿಲ್ಲ. ಮೇಜು ತಿರುಗಿಸಲು ಕಾಸು ಖರ್ಚಿಲ್ಲ. ಅದಾದ ಮೇಲೂ ಕಣ್ಣು ಕುಕ್ಕಿದರೆ ಬೂದು ಬಣ್ಣದ ಸ್ಕ್ರೀನ್ ಬಟ್ಟೆಯ ರೋಲರ್ ಬ್ಲೈಂಡ್ ಹಾಕಿಸಿ. ಆ ಬಟ್ಟೆಯಲ್ಲಿ ರಂಧ್ರಗಳ ಪಾಲು ಶೇಕಡಾ 1, 3, 5, 10 ಎಂದು ಬರುತ್ತದೆ, ನಿಮಗೆ 5 ಸಾಕು. ಇಲ್ಲಿ ಬಿಳಿ ಬೇಡ. ಗಾಢ ಬಣ್ಣದ ಸ್ಕ್ರೀನ್ ಮೂಲಕ ಹೊರಗಿನದು ಚೆನ್ನಾಗಿ ಕಾಣುತ್ತದೆ, ಚಂದ್ರದ್ರೋಣ ಬೆಟ್ಟಗಳ ಸಾಲು ಮಂಕಾಗುವುದಿಲ್ಲ. ರಾತ್ರಿಗೆ ಮಾಮೂಲು ಪರದೆ ಇದ್ದೇ ಇರಲಿ, ಸ್ಕ್ರೀನ್ ಕೂಡ ದೀಪ ಹಚ್ಚಿದ ಮೇಲೆ ಪಾರದರ್ಶಕವೇ.

ಮಗುವಿನ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಬ್ಲೈಂಡ್‌ಗಳನ್ನು ಎಳೆಯುವ ಹಗ್ಗ, ಮಣಿ ಸರಪಳಿ ಕುಣಿಕೆಯ ಆಕಾರದಲ್ಲಿ ತೂಗಾಡುತ್ತಿದ್ದರೆ ಚಿಕ್ಕ ಮಕ್ಕಳ ಕುತ್ತಿಗೆಗೆ ಸಿಕ್ಕಿಕೊಳ್ಳಬಹುದು, ಸದ್ದೇ ಆಗದೆ. ಇಂಥ ಸಾವುಗಳಿಂದಾಗಿಯೇ ಅಮೆರಿಕದಲ್ಲಿ 2018ರ ಡಿಸೆಂಬರ್‌ನಿಂದ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡ್‌ಗಳು ಹಗ್ಗವಿಲ್ಲದೆ ಅಥವಾ ಹಗ್ಗ ಕೈಗೆ ಸಿಗದಂತೆ ಇರಬೇಕೆಂಬ ಮಾನದಂಡ ಬಂತು. ನೀವು ಯಾವ ಬ್ಲೈಂಡ್ ಕೊಂಡರೂ ಹಗ್ಗವಿಲ್ಲದ ಸ್ಪ್ರಿಂಗಿನದು ಕೇಳಿ. ಸರಪಳಿ ಇರುವುದೇ ಸಿಕ್ಕರೆ ಅದನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡುವ ಕ್ಲಿಪ್ ಜೊತೆಗೇ ಬರುತ್ತದೆ. ‘ಆಮೇಲೆ ಹಾಕಿಕೊಳ್ಳಿ’ ಎಂದು ಚೀಲದಲ್ಲಿ ಬಿಟ್ಟುಹೋಗಲು ಕೆಲಸದವರಿಗೆ ಅವಕಾಶ ಕೊಡಬೇಡಿ. ಹಗ್ಗವಾದರೆ ನೆಲದಿಂದ ಐದಡಿಗೂ ಮೇಲೆ ಕೊಕ್ಕೆಗೆ ಸುತ್ತಿಡಿ. ತೊಟ್ಟಿಲು, ಮಂಚ, ಮಗು ಹತ್ತಬಹುದಾದ ಸ್ಟೂಲ್ ಯಾವುದೂ ಕಿಟಕಿಯ ಕೆಳಗಿರಬಾರದು. ಕಾರ್ತಿಕದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಹಣತೆ ಇಡುವುದಿದ್ದರೆ ಆ ದಿನ ಪರದೆಯನ್ನು ಗಂಟುಕಟ್ಟಿ ಮೇಲಕ್ಕೆ ಸಿಕ್ಕಿಸಿ, ಪಾಲಿಯೆಸ್ಟರ್‌ಗೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ.

ಕೆಲಸ ಮಾಡಿಸುವಾಗ ನೋಡಬೇಕಾದ್ದು ಕೆಲವಿವೆ. ನಿಮ್ಮ ಗ್ರಿಲ್ ಒಳಗಡೆ ಇರುವುದರಿಂದ ರಾಡಿನ ಬ್ರಾಕೆಟ್ ಗೋಡೆಯಿಂದ ನಾಲ್ಕಂಗುಲವಾದರೂ ಮುಂದೆ ಬರಲಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬಿಳಿ ಶೀರ್ ಗ್ರಿಲ್ಲಿಗೆ ತಾಗಿ, ಸರಳಿನಷ್ಟೇ ಅಂತರದಲ್ಲಿ ತುಕ್ಕಿನ ಗೆರೆಗಳು ಮೂಡುತ್ತವೆ. ಆ ಕಲೆ ಎಷ್ಟು ಒಗೆದರೂ ಪೂರ್ತಿ ಹೋಗುವುದು ಕಷ್ಟ. ಗ್ರಿಲ್ಲಿಗೆ ಮೇ ತಿಂಗಳೊಳಗೆ ಒಂದು ಕೈ ಬಣ್ಣ ಹೊಡೆಸಿಬಿಡಿ. ರಾಡ್ ಕಿಟಕಿಗಿಂತ ಎರಡೂ ಬದಿಗೆ ಎಂಟೆಂಟು ಅಂಗುಲ ಹೆಚ್ಚಿರಲಿ, ಆಗ ಸರಿಸಿದ ಪರದೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜಿನ ಮೇಲಲ್ಲ. ಕಿಟಕಿಯ ತಲೆಯ ಮೇಲೆ ಲಿಂಟಲ್ ಕಾಂಕ್ರೀಟ್ ಇರುತ್ತದೆ, ಸಾಧಾರಣ ಡ್ರಿಲ್ ಅಲ್ಲಿ ಇಳಿಯುವುದಿಲ್ಲ, ಹ್ಯಾಮರ್ ಡ್ರಿಲ್ ತರಲು ಮೊದಲೇ ಹೇಳಿ. ಬಟ್ಟೆಯ ಅಗಲ ಕಿಟಕಿಯ ಅಗಲದ ಎರಡರಷ್ಟಿರಬೇಕು. ಒಂದೂವರೆಗೆ ಇಳಿಸಿದರೆ ಎಳೆದಾಗ ನೆರಿಗೆಯೇ ಇಲ್ಲದೆ ಚಾಪೆ ಕಟ್ಟಿದಂತೆ ಕಾಣುತ್ತದೆ. ಹತ್ತಿ ಬೆರೆತ ಬಟ್ಟೆಯಾದರೆ ಹೊಲಿಯುವ ಮೊದಲೇ ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ. ಬ್ಲೈಂಡ್‌ಗಳನ್ನು ಚದರ ಅಡಿಗೆ ಇಷ್ಟು ಎಂದು ಮಾರುತ್ತಾರೆ, ಸಣ್ಣ ಕಿಟಕಿಗೂ ‘ಕನಿಷ್ಠ ಇಷ್ಟು ಚದರ ಅಡಿ’ ಎಂಬ ಲೆಕ್ಕ ಇರುತ್ತದೆ. ಬೆಲೆ ಕೇಳುವಾಗಲೇ ಅದನ್ನೂ ಕೇಳಿಬಿಡಿ.

ಇಷ್ಟೆಲ್ಲವನ್ನೂ ಒಟ್ಟಿಗೆ ಮಾಡಿಸಬೇಕಾಗಿಲ್ಲ. ಅತ್ತೆಯವರ ಕೋಣೆಯಿಂದ ಶುರುಮಾಡಿ, ಅದಕ್ಕೂ ಮುಂಚೆ ಒಂದು ವಾರ ಪರೀಕ್ಷೆ ನಡೆಯಲಿ. ಮನೆಯಲ್ಲಿ ಹಳೆಯ ಬಿಳಿ ಪಂಚೆ ಇದ್ದರೆ ಅರ್ಧಕ್ಕೆ ಮಡಚಿ, ಐದಡಿ ಎತ್ತರಕ್ಕೆ ಗ್ರಿಲ್ಲಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಅತ್ತೆಯವರನ್ನು ಕಿಟಕಿಯ ಪಕ್ಕ ಕೂರಿಸಿ, ನೀವು ಎದುರು ಕಟ್ಟಡದವರ ಅನುಮತಿ ಕೇಳಿ ಅವರ ಮೂರನೇ ಮಹಡಿಗೆ ಹೋಗಿ ನೋಡಿ. ಸಾಧ್ಯವಾದರೆ ಅತ್ತೆಯವರನ್ನೇ ಕರೆದುಕೊಂಡು ಹೋಗಿ, ಅವರ ಕುರ್ಚಿಯಲ್ಲಿ ನೀವು ಕುಳಿತುಕೊಳ್ಳಿ. ನಾನು ನೂರು ಸಲ ಹೇಳುವುದಕ್ಕಿಂತ ಅವರು ಒಂದು ಸಲ ಅಲ್ಲಿಂದ ನೋಡಿದರೆ ಧೈರ್ಯ ಬರುತ್ತದೆ. ಪಂಚೆ ಎರಡಂಗುಲ ಮೇಲಿರಬೇಕಿತ್ತು ಅನ್ನಿಸಿದರೆ ಅಲ್ಲಿಂದಲೇ ಫೋನ್ ಮಾಡಿ ಸರಿಸಲು ಹೇಳಿ, ಆ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೋಡೆಗೆ ಗುರುತು ಹಾಕಿ. ತಂತಿ ಕಟ್ಟಬೇಕಾದ ಜಾಗ ಅದೇ. ಆ ಕಿಟಕಿಯ ಅರ್ಧ ಪರದೆಗೆ, ನೆರಿಗೆ, ಮಡಿಕೆ, ಕುಗ್ಗುವುದು ಎಲ್ಲ ಸೇರಿ, ನಾಲ್ಕಡಿ ಪನ್ನದ (ಅಗಲದ) ಬಟ್ಟೆ ಎರಡು ಮೀಟರ್ ತೆಗೆದುಕೊಳ್ಳಿ, ಸಾಕು.